ಕೈಯಲ್ಲಿ ಮಾಡಿದ ಪುಸ್ತಕ ಕೆಟ್ಟಾಗ ನಾರನ್ನ ಬಯ್ಯೋ ಮುಂಚೆ ನೀರನ್ನ ನೋಡಿ

ಬಾಳೆದಿಂಡಿನ ನಾರು, ಹಳೇ ಕಾಟನ್ ಬಟ್ಟೆ, ಹಿಪ್ಪುನೇರಳೆ ತೊಗಟೆ, ಅಡಿಕೆ ಹಾಳೆ, ಇಂಥದ್ರಲ್ಲೇ ಪೇಪರ್ ಮಾಡಿ ಹೊಲಿದು ಪುಸ್ತಕ ಮಾಡೋ ಸುಮಾರು ಜನ ಬೆಂಗಳೂರಲ್ಲಿ ಇದ್ದಾರೆ, ನಾನೂ ಅದನ್ನೇ ಮಾಡೋದು, ಮತ್ತೆ ಏನಾದ್ರೂ ಎಡವಟ್ಟಾದ ತಕ್ಷಣ ಎಲ್ಲರ ಬಾಯಲ್ಲೂ ಬರೋ ಮಾತು "ಈ ನಾರೇ ಸರಿ ಇಲ್ಲ" ಅಂತ. ನಾರು ಬದಲಾಯಿಸ್ತಾರೆ, ಇನ್ನೊಂದು ಕಡೆಯಿಂದ ತರಿಸ್ತಾರೆ, ದುಡ್ಡು ಹೋಗುತ್ತೆ, ಮುಂದಿನ ಪುಸ್ತಕದಲ್ಲೂ ಅದೇ ತೊಂದ್ರೆ. ನಾನು ನೋಡಿರೋ ಮಟ್ಟಿಗೆ ಈ ಕೆಲಸದಲ್ಲಿ ಮುಕ್ಕಾಲು ಪಾಲು ದೋಷ ಬರೋದು ನೀರಿಂದ. ಯಾವ ನೀರು ಹಾಕಿದ್ರಿ, ಎಷ್ಟು ಹೊತ್ತು ಕುದಿಸಿದ್ರಿ, ನಾರು ಬೇಯಿಸೋಕೆ ಹಾಕಿದ ಸೋಡಾ ಹೋಗೋ ತನಕ ತೊಳೆದ್ರಾ, ಅಂಟಿನ ಜೊತೆ ಎಷ್ಟು ನೀರು ಒಳಗೆ ಹೋಯ್ತು, ಆ ನೀರು ಎಷ್ಟು ನಿಧಾನಕ್ಕೆ ಹೊರಗೆ ಬಂತು. ಅದಕ್ಕೇ ಕೆಳಗೆ ಒಂದೊಂದು ಲಕ್ಷಣ ಹಿಡಿದು ಬರೀತೀನಿ, ನಿಮ್ಮದು ಯಾವುದು ಅಂತ ನೋಡ್ಕೊಂಡು ಅಲ್ಲಿಂದ ಶುರು ಮಾಡಿ.

ಶೀಟು ಗಂಟು ಗಂಟಾಗಿ ಬರ್ತಿದೆ, ಒಣಗಿದ ಮೇಲೆ ಸುಮ್ನೆ ಹರಿಯುತ್ತೆ

ಇದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇದೆ, ನೋಡೋಕೆ ಒಂದೇ ಥರ ಕಾಣುತ್ತೆ. ಒಂದು, ನಾರು ಬೆಂದಿಲ್ಲ. ಇನ್ನೊಂದು, ನಾರು ಬೆಂದಿದೆ ಆದ್ರೆ ಉದ್ದ ಜಾಸ್ತಿ ಆಗಿ ಒಂದಕ್ಕೊಂದು ಸುತ್ಕೊಂಡಿದೆ.

ಬೆಂದಿದ್ಯಾ ಅಂತ ನೋಡೋಕೆ ಪಾತ್ರೆಯಿಂದ ಒಂದು ಎಳೆ ತೆಗೆದು ತಣ್ಣೀರಲ್ಲಿ ಅದ್ದಿ ಎರಡು ಕೈಯಲ್ಲಿ ಉದ್ದುದ್ದಕ್ಕೆ ಸೀಳಿ ನೋಡಿ. ಬೆಂದ ಎಳೆ ಜೋರು ಹಾಕದೇನೇ ಬಿಟ್ಕೊಳ್ಳುತ್ತೆ, ನಡುವೆ ಸಣ್ಣ ಸಣ್ಣ ಬಲೆ ಥರ ಬಿಚ್ಕೊಳ್ಳುತ್ತೆ. ಬೇಯದೇ ಇರೋದು ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಉಗುರು ಹಾಕಿದ್ರೆ ಕಡ್ಡಿ ಥರ ಸಿಗುತ್ತೆ. ಆಮೇಲೆ ಒಂದು ಚಿಟಿಕೆ ಪಲ್ಪ್‌ನ, ಅಂದ್ರೆ ಬೇಯಿಸಿ ಜಜ್ಜಿದ ನಾರಿನ ಮುದ್ದೆನ, ಗಾಜಿನ ಬಾಟ್ಲಿ ನೀರಿಗೆ ಹಾಕಿ ಚೆನ್ನಾಗಿ ಕುಲುಕಿ ಕಿಟಕಿ ಬೆಳಕಿಗೆ ಹಿಡೀರಿ. ಎಲ್ಲಾ ಕಡೆ ಮೋಡದ ಹಾಗೆ ಸಮವಾಗಿ ತೇಲಿದ್ರೆ ಸರಿ. ಕಡ್ಡಿ ಕಡ್ಡಿ ಕಂಡ್ರೆ ಇನ್ನೂ ಬೇಯಬೇಕು, ಉದ್ದ ಎಳೆಗಳು ಸಿಂಬೆ ಸುತ್ಕೊಂಡು ಕೂತಿದ್ರೆ ಅದು ಕತ್ತರಿಸೋದ್ರಲ್ಲಿ ಆಗಿರೋ ತೊಂದ್ರೆ.

ಬೇಯದೇ ಇರೋದಕ್ಕೆ ಇಲ್ಲಿ ಎರಡು ಸಾಮಾನ್ಯ ಕಾರಣ. ವಾಷಿಂಗ್ ಸೋಡಾ ಬದಲು ಅಡುಗೆ ಸೋಡಾ ಹಾಕೋದು, ಅದಕ್ಕೆ ಅಷ್ಟು ಶಕ್ತಿ ಇಲ್ಲ. ವಾಷಿಂಗ್ ಸೋಡಾನೇ ಬೇಕು, ಒಣ ನಾರಿನ ತೂಕದ 15ರಿಂದ 20 ಪರ್ಸೆಂಟ್, ಅಂದ್ರೆ ಒಂದು ಕೆಜಿ ಒಣ ನಾರಿಗೆ 150ರಿಂದ 200 ಗ್ರಾಂ, ಅದನ್ನ ಮೊದಲು ನೀರಲ್ಲಿ ಕರಗಿಸಿ ಆಮೇಲೆ ನಾರು ಹಾಕಿ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಸ್ಟೀಲ್ ಪಾತ್ರೆ ಇಡಿ, ಅಲ್ಯೂಮಿನಿಯಂ ಪಾತ್ರೆಯನ್ನ ಸೋಡಾ ತಿಂದು ಹಾಕುತ್ತೆ. ಎರಡನೇದು ಟೈಮು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದು 97 ಡಿಗ್ರಿ ಹತ್ರ, ಅದಕ್ಕೆ ಎಲ್ಲೋ ಕಡಲ ತೀರದಲ್ಲಿ ಕೂತವರು "ಎರಡು ಗಂಟೆ ಸಾಕು" ಅಂತ ಹೇಳಿದ್ರೆ ಇಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಕಾಗುತ್ತೆ, ಗಡಿಯಾರ ನೋಡದೆ ಎಳೆ ಸೀಳಿ ನೋಡಿ ಇಳಿಸಿ. ಹಿಪ್ಪುನೇರಳೆ ತೊಗಟೆಗಂತೂ ಇದು ಇನ್ನೂ ಮುಖ್ಯ. ಜಪಾನಿನ ಪೇಪರಿಗೆ ಬಳಸೋ ಕೋಝೋ ಬೇರೆ ಗಿಡ, ನಮ್ಮ ರಾಮನಗರ ಚನ್ನಪಟ್ಟಣದ ಕಡೆ ರೇಷ್ಮೆ ಹುಳಕ್ಕೆ ಬೆಳೆಯೋ ಹಿಪ್ಪುನೇರಳೆ ಅದೇ ಕುಟುಂಬದ್ದು ಅಷ್ಟೇ, ಹಾಗಾಗಿ ಅವರ ಲೆಕ್ಕ ಇದಕ್ಕೆ ಕೂರಲ್ಲ. ಮೇಲಿನ ಕಂದು ಸಿಪ್ಪೆ ಪೂರ್ತಿ ಕೆರೆದು ತೆಗೀಲೇಬೇಕು, ಅದು ಉಳಿದ್ರೆ ಎಷ್ಟು ಬೇಯಿಸಿದ್ರೂ ಚೂರು ಚೂರು ಶೀಟಲ್ಲಿ ಕಾಣುತ್ತೆ.

ನಾರು ಸುತ್ಕೊಳ್ಳೋದಾದ್ರೆ ಬೇಯಿಸೋಕೆ ಮುಂಚೇನೇ ಒಂದು ಸೆಂಟಿಮೀಟರ್ ಆಸುಪಾಸು ಕತ್ತರಿಸಿ. ಮತ್ತೆ ಮಿಕ್ಸಿ ಬಗ್ಗೆ ಒಂದು ಮಾತು, ಮಿಕ್ಸಿ ಬ್ಲೇಡು ನಾರನ್ನ ತುಂಡು ಮಾಡುತ್ತೆ ಹೊರತು ಜಜ್ಜಿ ಬಿಡಿಸಲ್ಲ, ಜಜ್ಜಿದಾಗ ಎಳೆಯ ಮೈಮೇಲೆ ಸಣ್ಣ ರೋಮ ಏಳುತ್ತೆ, ಶೀಟಿಗೆ ಗಟ್ಟಿ ಬರೋದೇ ಅವು ಒಂದಕ್ಕೊಂದು ಹಿಡ್ಕೊಳ್ಳೋದ್ರಿಂದ. ಬರೀ ಮಿಕ್ಸೀಲಿ ಮಾಡಿದ ಶೀಟು ನೋಡೋಕೆ ಚೆನ್ನಾಗಿರುತ್ತೆ, ಮಡಚಿದ ಕಡೆ ಹರಿಯುತ್ತೆ, ಪುಸ್ತಕಕ್ಕೆ ಬೇಕಾಗಿರೋದೇ ಮಡಿಕೆ ತಡ್ಕೊಳ್ಳೋ ಪೇಪರ್ ಅಲ್ವಾ. ಮರದ ಕೊಡತಿಯಿಂದ ಕಲ್ಲಿನ ಮೇಲೆ ಚೆನ್ನಾಗಿ ಬಡಿದು ಕೊನೆಗೆ ಒಂದೆರಡು ಸುತ್ತು ಮಿಕ್ಸಿ ಸಾಕು. ಪಲ್ಪ್ ಕಲಸಿದ ನೀರಿನ ತೊಟ್ಟಿಗೆ ಬೆಂಡೆಕಾಯಿ ಲೋಳೆ ಹಾಕಿದ್ರೆ ನಾರು ತಳಕ್ಕೆ ಕೂರದೆ ತೇಲ್ತಾ ಇರುತ್ತೆ, ಜಪಾನಿನವರು ಬೆಂಡೆ ಜಾತಿಯದ್ದೇ ಒಂದು ಗಿಡದ ಬೇರಿನ ಲೋಳೆ ಹಾಕ್ತಾರೆ. ಈ ಲೋಳೆ ಸೆಖೆಗೆ ನೀರಾಗಿಬಿಡುತ್ತೆ, ಏಪ್ರಿಲ್‌ನಲ್ಲಿ ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಕೆಲಸ ಮಾಡಲ್ಲ, ಆವತ್ತಿಂದು ಆವತ್ತೇ ಮಾಡಿ ತಂಪಾಗಿಡಿ.

ಚುಕ್ಕೆ ಬರ್ತಿದೆ

ಯಾವಾಗ ಬಂತು ಅನ್ನೋದು ಮೊದಲ ಪ್ರಶ್ನೆ. ಶೀಟು ಒಣಗ್ತಿರುವಾಗಲೇ, ಒಂದೆರಡು ದಿನದಲ್ಲೇ ಕಂದು ಅಥವಾ ಬೂದು ಚುಕ್ಕೆ ಕಂಡ್ರೆ ಅದು ಕಬ್ಬಿಣ. ವಾರಗಳು ಕಳೆದು, ಮಳೆಗಾಲದಲ್ಲಿ, ಮುಗ್ಗಲು ವಾಸನೆ ಜೊತೆ ಬಂದ್ರೆ ಬೂಷ್ಟು. ಎರಡಕ್ಕೂ ಮದ್ದು ಬೇರೆ, ಗೊಂದಲ ಮಾಡ್ಕೋಬೇಡಿ.

ಕಬ್ಬಿಣ ಅಂತ ಗ್ಯಾರಂಟಿ ಮಾಡ್ಕೊಳ್ಳೋಕೆ ಗ್ರಂಧಿಗೆ ಅಂಗಡಿಯಿಂದ ಒಂದೆರಡು ಅಳಲೆಕಾಯಿ ತನ್ನಿ, ಜಜ್ಜಿ ಕುದಿಸಿ ಕಷಾಯ ಸೋಸಿ, ಚುಕ್ಕೆ ಇರೋ ಒಂದು ವೇಸ್ಟ್ ತುಂಡಿನ ಮೇಲೆ ಒಂದು ಹನಿ ಬಿಡಿ. ಕಬ್ಬಿಣ ಇದ್ರೆ ಆ ಜಾಗ ನೀಲಿ ಮಿಶ್ರಿತ ಕಪ್ಪಾಗುತ್ತೆ, ಹಿಂದೆ ಬರೆಯೋ ಮಸಿ ಮಾಡ್ತಿದ್ದ ಒಂದು ದಾರಿ ಇದೇ, ಕಬ್ಬಿಣ ಮತ್ತೆ ಒಗರು ಸೇರಿದ್ರೆ ಕಪ್ಪು. ಇದೇ ಹನಿಯನ್ನ ನೀವು ಬಳಸೋ ನೀರಿಗೂ ಬಿಟ್ಟು ನೋಡಿ. ನಮ್ಮಲ್ಲಿ ಕಾವೇರಿ ನೀರು ಒಂದು ಥರ, ಬೋರ್‌ವೆಲ್ ಇನ್ನೊಂದು ಥರ, ಟ್ಯಾಂಕರ್‌ದು ಎಲ್ಲಿಂದ ತುಂಬಿಸ್ಕೊಂಡು ಬಂದ್ರು ಅನ್ನೋದರ ಮೇಲೆ. ಅಪಾರ್ಟ್‌ಮೆಂಟ್‌ಗಳಲ್ಲಿ ಮೂರೂ ಒಂದೇ ಸಂಪಿಗೆ ಬಿದ್ದು ಬೆರೆತಿರುತ್ತೆ, ಅದಕ್ಕೇ ಹೋದ ತಿಂಗಳು ಬೆಳ್ಳಗೆ ಬಂದ ಶೀಟು ಈ ತಿಂಗಳು ಬೂದು ಬೂದಾಗಿ ಬರೋದು, ನಾರು ಅದೇ, ನೀವೂ ಅದೇ, ನೀರು ಬೇರೆ. ಇದು ಗೊತ್ತಾಗದೆ ಎಷ್ಟು ಜನ ಒಳ್ಳೇ ನಾರನ್ನ ಎಸೆದಿದಾರೆ ಅಂತ ನೆನೆದ್ರೆ ಬೇಜಾರಾಗುತ್ತೆ. ಮಳೆಕೊಯ್ಲು ಇರೋ ಮನೆ ಆದ್ರೆ ಸೋಸಿದ ಮಳೆನೀರು ಈ ಕೆಲಸಕ್ಕೆ ಬಂಗಾರ, ಮೊದಲ ಮಳೇದು ಬಿಟ್ಟು ಆಮೇಲಿಂದು ಹಿಡೀರಿ. ಆರ್‌ಓ ಮೆಷಿನ್ನಿಂದ ಹೊರಗೆ ಬೀಳೋ ವೇಸ್ಟ್ ನೀರು ಮಾತ್ರ ಬೇಡ, ಉಪ್ಪಿನಂಶ ಎಲ್ಲಾ ಅದರಲ್ಲೇ ಇರುತ್ತೆ. ನೀರಲ್ಲಿ ಕಬ್ಬಿಣ ಇಲ್ಲ ಅಂತ ಗೊತ್ತಾದ್ರೆ ತೊಟ್ಟಿಯಿಂದ ಶೀಟು ಎತ್ತೋ ಜಾಲರಿಗೆ ಹೊಡೆದಿರೋ ಮೊಳೆ, ತುಕ್ಕು ಹಿಡಿದ ಕ್ಲಿಪ್ಪು, ಬಕೆಟ್ಟಿನ ತಂತಿ ಹಿಡಿ, ಇವನ್ನ ನೋಡಿ.

ಬಣ್ಣ ಬದಲಾಯ್ತು

ಅರಿಶಿನದ ಶೀಟಲ್ಲಿ ಕೆಂಪು ಕಲೆ ಅಂತ ತುಂಬಾ ಜನ ಕೇಳ್ತಾರೆ. ಆರತಿ ನೀರಿಗೆ ಅರಿಶಿನ ಹಾಕಿ ಸುಣ್ಣ ಬೆರೆಸಿದ್ರೆ ಕೆಂಪಾಗುತ್ತಲ್ಲ, ಅದೇ ಇಲ್ಲೂ ನಡೆದಿರೋದು, ಸೋಡಾ ಪೂರ್ತಿ ತೊಳೆದು ಹೋಗಿಲ್ಲ. ಇದನ್ನೇ ಉಪಯೋಗಕ್ಕೆ ತಗೋಬಹುದು, ಪಲ್ಪ್ ತೊಳೆದ ಕೊನೇ ನೀರನ್ನ ಬಿಳೀ ಬಟ್ಟಲಲ್ಲಿ ಹಿಡಿದು ಚಿಟಿಕೆ ಅರಿಶಿನ ಹಾಕಿ, ಪಕ್ಕದಲ್ಲಿ ನಲ್ಲಿ ನೀರಿಗೂ ಅಷ್ಟೇ ಹಾಕಿ ಇಟ್ಕೊಳ್ಳಿ, ಎರಡೂ ಒಂದೇ ಹಳದಿ ಇದ್ರೆ ಸಾಕು, ತೊಳೆದ ನೀರು ಕೆಂಪಿಗೆ ತಿರುಗಿದ್ರೆ ಇನ್ನೂ ತೊಳೀರಿ. ನಲ್ಲಿ ನೀರನ್ನ ಪಕ್ಕದಲ್ಲಿ ಇಡಲೇಬೇಕು, ಕೆಲವು ಬೋರ್‌ವೆಲ್ ನೀರೇ ಸ್ವಲ್ಪ ಕ್ಷಾರ ಇರುತ್ತೆ.

ಅರಿಶಿನ, ಬೀಟ್ರೂಟ್, ಶಂಖಪುಷ್ಪ ಇವು ಬೆಳಕಿಗೆ ಹೋಗೋ ಬಣ್ಣಗಳೇ, ಅದು ದೋಷ ಅಲ್ಲ ಅವುಗಳ ಗುಣ, ಕವರಿಗೆ ಹಾಕ್ಬೇಡಿ. ನಿಲ್ಲೋ ಬಣ್ಣ ಬೇಕಾದ್ರೆ ಮಂಜಿಷ್ಠ, ನೀಲಿ ಗಿಡದ ನೀಲಿ, ದಾಳಿಂಬೆ ಸಿಪ್ಪೆ, ಅಳಲೆಕಾಯಿ. ಬಣ್ಣ ಹಿಡೀಲಿ ಅಂತ ಪಟಿಕ ಹಾಕೋದು ಬೇಕಾಗುತ್ತೆ ನಿಜ, ಆದ್ರೆ ಪಟಿಕ ಹುಳಿ, ಜಾಸ್ತಿ ಉಳಿದ್ರೆ ಪೇಪರ್ ವರ್ಷಗಳಲ್ಲಿ ಹಳದಿ ತಿರುಗಿ ಪುಡಿಯಾಗುತ್ತೆ, ಹಳೇ ಮಿಲ್ ಪೇಪರ್ ಪುಸ್ತಕಗಳು ಮುಟ್ಟಿದ್ರೆ ಉದುರೋದಕ್ಕೆ ಒಂದು ದೊಡ್ಡ ಕಾರಣ ಇದೇ. ಬಣ್ಣ ಹಾಕಿದ ಮೇಲೂ ಚೆನ್ನಾಗಿ ತೊಳೀರಿ. ಏನೂ ಬಣ್ಣ ಹಾಕದ ಶೀಟು ಬಿಸಿಲಲ್ಲಿ ಹಳದಿ ಆಗ್ತಿದ್ರೆ ಅದು ಲಿಗ್ನಿನ್, ಅಂದ್ರೆ ಗಿಡದಲ್ಲಿ ನಾರನ್ನ ಗಟ್ಟಿಯಾಗಿ ಹಿಡಿದಿಡೋ ಅಂಶ, ಉಳಿದಿರೋದು, ಕಬ್ಬಿನ ಸಿಪ್ಪೆಯಲ್ಲಿ ಜಾಸ್ತಿ, ಮತ್ತೆ ಮೊದಲ ಹಂತಕ್ಕೆ ಹೋಗಿ ಬೇಯಿಸೋದನ್ನ ಸರಿ ಮಾಡಿ.

ಇಂಕು ಹರಡುತ್ತೆ

ಶೀಟಿಗೆ ಗಂಜಿ ಕುಡಿಸಿಲ್ಲ, ಅಷ್ಟೇ. ಒಂದು ಹನಿ ನೀರು ಬಿಡಿ, ತಕ್ಷಣ ಹೀರಿದ್ರೆ ಖಾತ್ರಿ. ಅಕ್ಕಿ ಗಂಜಿ ತೀರಾ ತೆಳ್ಳಗೆ ಮಾಡಿ ಸೋಸಿ ಅಗಲ ಬ್ರಷ್ಷಲ್ಲಿ ಎರಡೂ ಕಡೆ ಹಚ್ಚಿ ಒಣಗಿಸಿ, ಆಮೇಲೆ ನುಣ್ಣಗಿರೋ ಕಲ್ಲು ಅಥವಾ ಕವಡೆಯಿಂದ ಉಜ್ಜಿ. ಗಂಜಿ ದಪ್ಪ ಆದ್ರೆ ಹುಳಕ್ಕೆ ಊಟ ಹಾಕಿದ ಹಾಗೆ, ತೆಳು ಇರಲಿ.

ರಟ್ಟು ಬಾಗಿದೆ

ಇದಕ್ಕೆ ಜಾಸ್ತಿ ಬರೀತೀನಿ, ಯಾಕಂದ್ರೆ ಜನ ಇಲ್ಲೇ ಹೆಚ್ಚು ಸೋಲೋದು. ಪೇಪರಿಗೆ ಅಂಟು ಹಚ್ಚಿದಾಗ ಅದು ನೀರು ಕುಡಿದು ಹಿಗ್ಗುತ್ತೆ, ಹಿಗ್ಗಿದ ಸ್ಥಿತೀಲೇ ರಟ್ಟಿಗೆ ಅಂಟುತ್ತೆ, ಒಣಗ್ತಾ ಕುಗ್ಗುತ್ತೆ, ಕುಗ್ಗುವಾಗ ರಟ್ಟನ್ನ ತನ್ನ ಕಡೆಗೆ ಎಳೆಯುತ್ತೆ. ಹಾಗಾಗಿ ಬಾಗಿರೋ ದಿಕ್ಕೇ ಉತ್ತರ ಹೇಳುತ್ತೆ. ಕವರ್ ಒಳಗಡೆಗೆ, ಪುಟಗಳನ್ನ ತಬ್ಬಿಕೊಳ್ಳೋ ಹಾಗೆ ಬಾಗಿದ್ರೆ ಒಳಗೆ ಅಂಟಿಸಿದ ಪೇಪರ್ ಜಾಸ್ತಿ ಎಳೀತಿದೆ. ಹೊರಗಡೆಗೆ ಎದ್ದಿದ್ರೆ ಹೊರಗಿನ ಪೇಪರ್ ಅಥವಾ ಬಟ್ಟೆ ಎಳೀತಿದೆ, ಒಳಗಡೆ ಅದನ್ನ ತಡೆಯೋಕೆ ಏನೂ ಇಲ್ಲ.

ಮೊದಲ ದಿನದಿಂದಲೇ ಹಾಗಿದ್ದು ಹಾಗೇ ನಿಂತಿದ್ರೆ ಒಣಗಿಸೋದ್ರಲ್ಲಿ ಅವಸರ ಆಗಿದೆ. ಟೆರೇಸ್ ಮೇಲೆ ಬಿಸಿಲಿಗೆ ಹಾಕೋದು ಬೇಡ, ಅಂಚು ಮೊದಲು ಒಣಗಿ ಮುದುಡುತ್ತೆ. ಎರಡೂ ಕಡೆ ಹಳೇ ಕಾಟನ್ ಪಂಚೆ ತುಂಡು ಇಟ್ಟು, ಮಟ್ಟಸವಾದ ಹಲಗೆ, ಅದರ ಮೇಲೆ ಗುಂಡುಕಲ್ಲು, ಬಟ್ಟೆ ತೇವ ಆದ ಹಾಗೆ ಬದಲಾಯಿಸ್ತಾ ಇರಿ, ನ್ಯೂಸ್‌ಪೇಪರ್ ಇಟ್ರೆ ಅದರ ಇಂಕು ಹತ್ತುತ್ತೆ. ಒಣಗಿದ್ಯಾ ಅಂತ ತಿಳಿಯೋಕೆ ಕೆನ್ನೆಗೆ ತಾಗಿಸಿ ನೋಡಿ, ಬೆರಳಿಗೆ ಒಣಗಿದೆ ಅನ್ಸಿದ್ರೂ ಕೆನ್ನೆಗೆ ತಣ್ಣಗೆ ಗೊತ್ತಾದ್ರೆ ಒಳಗೆ ನೀರಿದೆ ಅಂತ ಅರ್ಥ. ಆದ್ರೆ ಬಾಗು ಕಾಲಕ್ಕೆ ತಕ್ಕ ಹಾಗೆ ಬದಲಾಗ್ತಿದ್ರೆ, ಅಂದ್ರೆ ಮಾರ್ಚ್ ಒಣ ಹವೆಗೆ ಒಂದು ಕಡೆ, ಜುಲೈ ಜಡಿಮಳೆಗೆ ಇನ್ನೊಂದು ಕಡೆ, ಆಗ ಭಾರ ಇಟ್ಟು ಪ್ರಯೋಜನ ಇಲ್ಲ, ಅದು ಗ್ರೇನ್ ತೊಂದ್ರೆ. ನಾರು ಮಲಗಿರೋ ದಿಕ್ಕು ಪುಸ್ತಕದ ಬೆನ್ನಿಗೆ ಸಮಾನಾಂತರ ಇರಬೇಕು, ರಟ್ಟಿಗೂ, ಪೇಪರಿಗೂ, ಬಟ್ಟೆಗೂ. ಸುಲ್ತಾನ್‌ಪೇಟೆ ಅವೆನ್ಯೂ ರೋಡ್ ಕಡೆ ರಟ್ಟು ತಗೊಳ್ಳುವಾಗಲೇ ಎರಡೂ ಕಡೆ ಸ್ವಲ್ಪ ಬಗ್ಗಿಸಿ ನೋಡಿ, ಸುಲಭಕ್ಕೆ ಬಗ್ಗೋ ಮಡಿಕೆ ಯಾವ ದಿಕ್ಕಲ್ಲಿ ಓಡುತ್ತೋ ಅದೇ ಗ್ರೇನ್. ಆ ಕಡೆ ಬೈಂಡಿಂಗ್ ಮಾಡೋ ಒಬ್ಬರು ಹಿರಿಯರು ನನ್ನ ಕೈಲಿದ್ದ ರಟ್ಟನ್ನ ತಗೊಂಡು ಹೀಗೆ ಬಗ್ಗಿಸಿ "ಮೇಡಂ, ಇಲ್ಲಿ ಎದುರಾಡ್ತಾ ಇದೆ ನೋಡಿ, ಈ ಕಡೆ ಕಟ್ ಮಾಡಿದ್ರೆ ಮಳೆಗಾಲದಲ್ಲಿ ಎದ್ದೇಳುತ್ತೆ" ಅಂದಿದ್ರು, ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಾವು ಮಾಡಿದ ಶೀಟಲ್ಲಿ ಗ್ರೇನ್ ಕಮ್ಮಿ, ಆದ್ರೂ ಜಾಲರಿನ ಒಂದೇ ದಿಕ್ಕಿಗೆ ಅಲ್ಲಾಡಿಸೋ ಅಭ್ಯಾಸ ಇದ್ರೆ ಬಾಳೆ ನಾರಲ್ಲಿ ಅದು ಬಂದೇ ಬರುತ್ತೆ.

ಅಡಿಕೆ ಹಾಳೆ ಕವರ್ ಆದ್ರೆ ಇನ್ನೊಂದು ಸಿಕ್ಕು ಇದೆ. ಹಾಳೆಗೆ ಗೆರೆಗಳು ಉದ್ದುದ್ದಕ್ಕೆ, ಅದು ಹಿಗ್ಗೋದು ಅಡ್ಡಕ್ಕೆ, ಹಾಗಾಗಿ ಗೆರೆ ಬೆನ್ನಿಗೆ ಸಮಾನಾಂತರ ಇಡೋದೇ ಸರಿ. ಹಾಗಿಟ್ಟು ಹೊಲಿಗೆ ತೂತುಗಳನ್ನ ಒಂದೇ ಸಾಲಲ್ಲಿ ಹೊಡೆದ್ರೆ ಎಲ್ಲಾ ತೂತೂ ಒಂದೇ ಗೆರೆ ಮೇಲೆ ಬಿದ್ದು, ಬೇಸಿಗೇಲಿ ಹಾಳೆ ಒಣಗಿದಾಗ ತೂತಿಂದ ತೂತಿಗೆ ಟಪ್ ಅಂತ ಸೀಳಿಬಿಡುತ್ತೆ. ಗೆರೆ ಅಡ್ಡ ತಿರುಗಿಸಬೇಡಿ, ಅದು ಬಾಗುತ್ತೆ. ತೂತುಗಳನ್ನ ಒಂದು ಆಚೆ ಒಂದು ಈಚೆ, ಅಂಕುಡೊಂಕಾಗಿ ಹೊಡೀರಿ, ಒಳಗಡೆ ಆ ಜಾಗಕ್ಕೆ ಒಂದು ಖಾದಿ ಪಟ್ಟಿ ಅಂಟಿಸಿ ಆಮೇಲೆ ತೂತು ಮಾಡಿ. ತೂತು ಮಾಡೋಕೆ ಮುಂಚೆ ಹಾಳೆನ ನೆನೆಸಿ, ಒರೆಸಿ, ಭಾರದಡಿ ಚಪ್ಪಟೆ ಒಣಗಿಸಿರಬೇಕು, ಇನ್ನೂ ಪೂರ್ತಿ ಗಟ್ಟಿಯಾಗದೆ ಬಗ್ಗೋ ಹಾಗಿರುವಾಗ ದಬ್ಬಳ ಹಾಕಿದ್ರೆ ಸೀಳಲ್ಲ.

ಅಂಟು ಬಿಟ್ಟಿದೆ

ಬಿಟ್ಟ ಜಾಗನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಂದು ಕಡೆ ಹೊಳೆಯೋ ಪೊರೆ ಇದ್ದು ಇನ್ನೊಂದು ಕಡೆ ಏನೂ ಇಲ್ಲ ಅಂದ್ರೆ, ಅಂಟು ಒಣಗಿದ ಮೇಲೆ ಜೋಡಿಸಿದೀರಿ ಅಥವಾ ಆ ಕಡೆ ಮೈ ತೀರಾ ನುಣುಪು, ಅಡಿಕೆ ಹಾಳೆ ಮೈ ಹಾಗೇ ಇರುತ್ತೆ, ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಒರಟು ಮಾಡಿ. ಎರಡೂ ಕಡೆ ನಾರು ಕಿತ್ಕೊಂಡು ಬಂದಿದ್ರೆ ಅಂಟು ಗಟ್ಟಿಯಾಗೇ ಇದೆ, ಪೇಪರೇ ಬಲ ಇಲ್ಲ, ಬಡಿಯೋದು ಸಾಲದು. ಪುಡಿ ಪುಡಿ ಉದುರಿದ್ರೆ ಅಂಟು ಬೆಂದಿಲ್ಲ. ಒಂದು ಪಾಲು ಮೈದಾಗೆ ಐದು ಪಾಲು ನೀರು, ತಣ್ಣೀರಲ್ಲೇ ಗಂಟಿಲ್ಲದ ಹಾಗೆ ಕಲಸಿ ಆಮೇಲೆ ಸಣ್ಣ ಉರಿ, ಕೈ ಬಿಡದೆ ತಿರುವ್ತಾ ಹಾಲಿನ ಬಿಳುಪು ಹೋಗಿ ಮಬ್ಬು ಗಾಜಿನ ಬಣ್ಣ ಬರಬೇಕು, ಆಮೇಲೂ ಸ್ವಲ್ಪ ಹೊತ್ತು ಬೇಯಿಸಿ ಆರಿಸಿ ಬಟ್ಟೇಲಿ ಸೋಸಿ. ಫ್ರಿಜ್ಜಲ್ಲಿ ಇಟ್ರೆ ಹುಳಿಯೋದು ನಿಧಾನ ಆಗುತ್ತೆ ಆದ್ರೆ ನೀರು ಬಿಟ್ಕೊಳ್ಳುತ್ತೆ, ಆ ಅಂಟಲ್ಲಿ ಮಾಡಿದ ಬೆನ್ನು ನಿಲ್ಲಲ್ಲ, ಫ್ರೆಶ್ ಮಾಡಿ.

ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕ್ತಾರಲ್ಲ ಅಂತ ಕೇಳಬಹುದು. ಹಳೇ ಬೈಂಡಿಂಗಲ್ಲಿ ಹುಳ ಬರದಿರಲಿ ಅಂತ ಅಂಟಿಗೆ ಹಾಕ್ತಿದ್ದದ್ದು ನಿಜ. ಅದು ವಿಷ, ತಾಮ್ರ ಪೇಪರನ್ನೂ ನಿಧಾನಕ್ಕೆ ಕೊಲ್ಲುತ್ತೆ. ಅಂಟು ಬೇಗ ಕೆಡದಿರಲಿ ಅಂದ್ರೆ ಎರಡು ಹನಿ ಲವಂಗದ ಎಣ್ಣೆ ಸಾಕು.

ಬೂಷ್ಟು, ಹುಳ

ಬೂಷ್ಟು ಮೊದಲು ಕಾಣಿಸೋದು ಬೆನ್ನಿನ ಒಳಗೆ, ರಟ್ಟಿನ ಸಂದಿಯಲ್ಲಿ, ಯಾಕಂದ್ರೆ ಅಂಟಿನ ನೀರು ಕೊನೆಗೆ ಬಿಟ್ಟು ಹೋಗೋ ಜಾಗ ಅದು. ಗಾಳಿಯ ತೇವ 65 ಪರ್ಸೆಂಟ್ ದಾಟಿ ದಿನಗಟ್ಟಲೆ ನಿಂತ್ರೆ ಅದಕ್ಕೆ ಸಾಕು, ಜೂನಿಂದ ನವೆಂಬರ್ ತನಕ ನಮಗೆ ಅಂಥ ದಿನಗಳು ಬೇಕಾದಷ್ಟು. ಬಂದಿದ್ರೆ ತೇವ ಇರುವಾಗ ಒರೆಸಬೇಡಿ, ಒಳಕ್ಕೆ ಮೆತ್ತುತ್ತೆ. ಬೇರೆ ಪುಸ್ತಕಗಳಿಂದ ದೂರ ಇಟ್ಟು, ಪುಟ ಬಿಡಿಸಿ ಫ್ಯಾನ್ ಗಾಳೀಲಿ ಪೂರ್ತಿ ಒಣಗಿಸಿ, ಆಮೇಲೆ ಬಾಲ್ಕನಿಗೆ ತಗೊಂಡು ಹೋಗಿ ಮಾಸ್ಕ್ ಹಾಕ್ಕೊಂಡು ಮೆತ್ತನೆ ಬ್ರಷ್ಷಲ್ಲಿ ಝಾಡಿಸಿ. ಮಳೆಗಾಲದಲ್ಲಿ ಬೈಂಡಿಂಗ್ ಮಾಡ್ಲೇಬೇಕು ಅಂದ್ರೆ ಅಂಟು ಕಮ್ಮಿ ಬೇಡೋ, ಬೆನ್ನು ತೆರೆದಿರೋ ಬರೀ ಹೊಲಿಗೆ ಬೈಂಡಿಂಗ್ ಮಾಡಿ ಅಂತ ನನ್ನ ಸಲಹೆ.

ಹುಳದ್ದು ಗುರುತು ನೋಡಿ ಹೇಳಬಹುದು. ಪುಟದಿಂದ ಪುಟಕ್ಕೆ ತೂರಿ ಹೋಗಿರೋ ದುಂಡನೆ ತೂತು, ಕೆಳಗೆ ಸಣ್ಣ ಪುಡಿ, ಅದು ಪುಸ್ತಕ ಕೊರೆಯೋ ಹುಳ. ಮೇಲ್ಮೈ ಮಾತ್ರ ಕೆರೆದ ಹಾಗೆ, ಅಲ್ಲಲ್ಲಿ ತೆಳುವಾಗಿ ಬೆಳಕು ಕಾಣೋ ಹಾಗೆ ಆಗಿದ್ರೆ ಸಿಲ್ವರ್‌ಫಿಶ್, ಗಂಜಿ ಆಸೆಗೆ ಬಂದಿದೆ. ಬೆನ್ನಿನ ಅಂಚು ಕಡಿದು ಕಂದು ಚುಕ್ಕೆ ಬಿಟ್ಟಿದ್ರೆ ಜಿರಳೆ. ಮಣ್ಣು ಕಂಡ್ರೆ ಗೆದ್ದಲು, ಆಗ ಪುಸ್ತಕ ಅಲ್ಲ ಗೋಡೆ ನೋಡಬೇಕು. ಕೊಂಡು ತಂದ ಪೇಪರಿಗೆ ಗಂಜಿ ಇದ್ಯಾ ಅಂತ ಅನುಮಾನ ಇದ್ರೆ ಬೆಟಾಡಿನ್‌ಗೆ ನೀರು ಬೆರೆಸಿ ಮೂಲೇಲಿ ಒಂದು ಹನಿ ಹಾಕಿ, ಕಪ್ಪು ನೀಲಿ ಆದ್ರೆ ಇದೆ. ಕೊರೆಯೋ ಹುಳಕ್ಕೆ ಪುಸ್ತಕನ ಪ್ಲಾಸ್ಟಿಕ್ ಕವರಲ್ಲಿ ಗಾಳಿ ತೆಗೆದು ಬಿಗಿಯಾಗಿ ಸೀಲ್ ಮಾಡಿ ಫ್ರೀಜರಲ್ಲಿ ಎರಡು ವಾರ ಇಡಿ, ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ, ಬಿಚ್ಚಿದ್ರೆ ತಣ್ಣನೆ ಪೇಪರ್ ಮೇಲೆ ನೀರು ಕೂರುತ್ತೆ. ಬೂಷ್ಟಿಗೆ ಫ್ರೀಜರ್ ಮದ್ದಲ್ಲ, ಸುಮ್ನೆ ನಿದ್ದೆ ಹೋಗಿ ಮತ್ತೆ ಏಳುತ್ತೆ. ಬೇವಿನ ಎಲೆ, ಬಜೆ, ಲಕ್ಕಿ ಸೊಪ್ಪು ಇಡೋದು ಒಳ್ಳೇದೇ, ಆದ್ರೆ ಪೂರ್ತಿ ಒಣಗಿದ್ದನ್ನೇ ಇಡಿ, ಹಸಿ ಎಲೆ ಇಟ್ರೆ ಪುಟಗಳ ನಡುವೆ ನೀರು ಇಟ್ಟ ಹಾಗೇ.

ಕಡತ ಮಾಡೋರಿಗೆ

ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆ ಮಾಡಿ ಬಳಪದಲ್ಲಿ ಬರೀತಿದ್ದ ನಮ್ಮ ಹಳೇ ಕಡತನ ಈಗ ಕೆಲವರು ಮತ್ತೆ ಮಾಡ್ತಿದಾರೆ, ಶೃಂಗೇರಿ ಮಠದ ಕಡತಗಳ ಬಗ್ಗೆ ಕೇಳಿರ್ತೀರಿ. ತುಂಬಾ ಖುಷಿ ಕೊಡೋ ಕೆಲಸ ಇದು. ಕಪ್ಪು ಕೈಗೆ ಹತ್ತುತ್ತೆ ಅಂದ್ರೆ ಇದ್ದಿಲು ದಪ್ಪ ಇದೆ ಇಲ್ಲಾ ಅಂಟು ಸಾಲದು, ಇದ್ದಿಲನ್ನ ತೆಳು ಬಟ್ಟೇಲಿ ಜರಡಿ ಹಿಡೀರಿ. ಮಡಿಕೆಯಲ್ಲಿ ಬಿರುಕು ಬಿಟ್ರೆ ಒಂದೇ ಸಲ ದಪ್ಪಗೆ ಬಳಿದಿದೀರಿ, ತೆಳ್ಳಗೆ ಹಲವು ಸಲ ಬಳೀರಿ, ಪ್ರತಿ ಸಲ ಒಣಗಲಿ. ಹುಣಸೆ ಬೀಜ ಹುರಿದು ಮೇಲಿನ ಕೆಂಪು ಸಿಪ್ಪೆ ಪೂರ್ತಿ ತೆಗೀಬೇಕು, ಆಮೇಲೆ ನೆನೆಸಿ ರುಬ್ಬಿ ಕುದಿಸಿ, ಸಿಪ್ಪೆ ಚೂರು ಉಳಿದ್ರೆ ಬಟ್ಟೆ ಮೇಲೆ ಕಾಳು ಕಾಳಾಗಿ ಎದ್ದು ಬಳಪ ತೊಡರುತ್ತೆ.

ದಾರ

ಹೊಲಿದ ಕಡೆ ಪೇಪರ್ ಹರೀತಿದ್ರೆ ಮೊದಲು ದಾರ ಎಳೆದಿರೋ ದಿಕ್ಕು ನೋಡಿ. ತೂತಿಂದ ನೇರ ಮೇಲಕ್ಕೆ ಎಳೆದ್ರೆ ಹರಿಯುತ್ತೆ, ಮಡಿಕೆಯ ಉದ್ದಕ್ಕೆ ಎಳೆದು ಬಿಗಿ ಮಾಡಿ. ತೀರಾ ಸಣ್ಣ ದಾರ ಬ್ಲೇಡ್ ಥರ ಕೊಯ್ಯುತ್ತೆ, ದಪ್ಪ ಕಾಟನ್ ದಾರ ಒಳ್ಳೇದು, ಬಾಳೆ ನಾರಿನ ಅಥವಾ ಕತ್ತಾಳೆ ದಾರ ಹಾಕೋದಾದ್ರೆ ಒರಟು ಜಾಸ್ತಿ, ಗಂಜಿ ನೀರಲ್ಲಿ ಅದ್ದಿ ಎಳೆದು ಒಣಗಿಸಿ ಮೈ ನುಣ್ಣಗೆ ಮಾಡ್ಕೊಂಡು ಹೊಲೀರಿ. ಹೊಲಿದ ಮೇಲೆ ಸಡಿಲ ಆಗ್ತಿದೆ ಅಂದ್ರೆ ಪೇಪರ್ ಇನ್ನೂ ತೇವ ಇರುವಾಗ ಹೊಲಿದಿದೀರಿ, ಅದು ಒಣಗಿ ತೆಳುವಾಯ್ತು, ದಾರ ಉಳೀತು, ಬಿಚ್ಚಿ ಮತ್ತೆ ಹೊಲಿಯೋದೇ ದಾರಿ, ತೂತುಗಳು ಅವೇ ಸಾಕು.